ಮಾದಳದ ಗಿಡ, ಓಮೆರ್ ಲೆಕ್ಕ ಮತ್ತು ನನ್ನ ಮೂಗುಬೊಟ್ಟು

ಊರಿಂದ ಯಾರೇ ಫೋನ್ ಮಾಡಿದ್ರೂ ಮಳೆ, ಬೆಳೆ, ಅಡಿಕೆ ರೇಟು ಎಲ್ಲಾ ಮುಗಿದ್ಮೇಲೆ ಮೆಲ್ಲಗೆ ಕೇಳ್ತಾರೆ, "ಹೌದಾ ಮಾರಾಯ್ತಿ, ನೀನು ಅವ್ರ ಧರ್ಮಕ್ಕೆ ಸೇರ್ಕೊಂಡ್ಯಂತೆ?" ಗಂಡನ ಮನೆಯವ್ರು ಒತ್ತಾಯ ಮಾಡಿರ್ಬೇಕು ಅಂತ ಎಲ್ಲರ ಅಂದಾಜು. ನಿಜ ಏನಂದ್ರೆ ನನ್ನ ಗಂಡ ಹುಟ್ಟಿನಿಂದ ಯಹೂದಿ ಆಗಿದ್ರೂ ವರ್ಷಕ್ಕೊಂದ್ಸಲ ಪಾಸೋವರ್ ಹಬ್ಬದ ಊಟಕ್ಕೆ ಅಮ್ಮನ ಮನೆಗೆ ಹೋಗೋದು ಬಿಟ್ರೆ ಬೇರೇನೂ ಮಾಡೋನಲ್ಲ, ನಾನು ಗಿಯೂರ್ ಮಾಡ್ಕೋತೀನಿ (ಅವರಲ್ಲಿ ಧರ್ಮಕ್ಕೆ ಸೇರೋ ವಿಧಿಗೆ ಹಾಗಂತಾರೆ) ಅಂದಾಗ ಅವನಿಗೇ ಗಾಬರಿ ಆಯ್ತು. ಅತ್ತೆ ಅಂತೂ "ನಮ್ಮ ಹುಡುಗ್ರೇ ತಪ್ಪಿಸ್ಕೊಂಡು ಓಡಾಡ್ತಿದ್ದಾರೆ, ನೀನ್ಯಾಕೆ ಬಂದು ಸಿಕ್ಕಾಕ್ಕೋತೀಯಾ" ಅಂದ್ರು. ಒಬ್ಬೊಬ್ಬರಿಗೂ ಬಿಡಿಸಿ ಹೇಳಿ ಸಾಕಾಗಿದೆ, ಒಂದ್ಸಲ ಪೂರ್ತಿ ಬರ್ದಿಟ್ಬಿಡ್ತೀನಿ. ದೇವರು ಕನಸಲ್ಲಿ ಬಂದು ಕರೆದ ಅಂತೆಲ್ಲಾ ಏನಿಲ್ಲ, ಶುರುವಾಗಿದ್ದು ಗೊಬ್ಬರದ ರಾಶಿ ಹತ್ರ.

ನಮ್ಮೂರು ಸಾಗರ ತಾಲ್ಲೂಕು. ಒಂದಿಷ್ಟು ತೋಟ, ಒಂದಿಷ್ಟು ಗದ್ದೆ. ಕೆಲಸ ಅಂತ ಕ್ಯಾಲಿಫೋರ್ನಿಯಾಗೆ ಬಂದು ಓಕ್ಲೆಂಡಲ್ಲಿ ಮನೆ ಮಾಡಿದ್ಮೇಲೆ ಕೈಗೆ ಮಣ್ಣು ತಾಗೋದೇ ನಿಂತೋಗಿತ್ತು. ಪಕ್ಕದ ಬರ್ಕ್ಲಿಯಲ್ಲಿ ಅರ್ಬನ್ ಅಡಾಮಾ ಅಂತ ಒಂದು ಯಹೂದಿ ಫಾರ್ಮ್ ಇದೆ, 2010ರಲ್ಲಿ ಶುರುವಾಗಿದ್ದು, ಊರ ಮಧ್ಯನೇ, ಯಹೂದಿ ಆಗಿರ್ಲೇಬೇಕು ಅಂತೇನಿಲ್ಲ, ಯಾರು ಬೇಕಾದ್ರೂ ಹೋಗಿ ಕಳೆ ಕೀಳ್ಬಹುದು ಗೊಬ್ಬರ ತಿರುವಬಹುದು. ನಾನು ಹೋಗಿದ್ದು ಬರೀ ಅದಕ್ಕೆ. ಅಲ್ಲಿ ಬೆಳೆದಿದ್ದನ್ನ ಹೆಚ್ಚಿನಂಶ ಊರಲ್ಲಿ ಬೇಕಾದೋರಿಗೆ ದುಡ್ಡಿಲ್ದೆ ಹಂಚ್ತಾರೆ, ಯಾಕೆ ಅಂತ ಕೇಳಿದ್ದಕ್ಕೆ ಪಕ್ಕದಲ್ಲಿ ಕೇಲ್ ಸೊಪ್ಪು ಕೊಯ್ತಿದ್ದ ಹುಡುಗಿ "ಪೇಆ" ಅಂದ್ಲು. ಮನೆಗೆ ಬಂದು ಹುಡುಕಿ ನೋಡಿದ್ರೆ ಅದು ಬೈಬಲಿನ ಯಾಜಕಕಾಂಡದ 19ನೇ ಅಧ್ಯಾಯದಲ್ಲಿರೋ ಮಾತು, ಹೊಲ ಕೊಯ್ಯೋವಾಗ ಅಂಚಿನ ತನಕ ಕೊಯ್ಬೇಡ, ಉದುರಿದ ತೆನೆ ಆರಿಸ್ಬೇಡ, ಅದು ಬಡವರಿಗೆ ಮತ್ತೆ ಪರದೇಶಿಗೆ ಸೇರಿದ್ದು ಅಂತ. ಅಷ್ಟಕ್ಕೇ ಬಿಡಲ್ಲ ಅವ್ರು, ಆಮೇಲೆ ಬಂದ ಪಂಡಿತರು ಕೂತು ಎಷ್ಟು ಅಂಚು ಬಿಡ್ಬೇಕು ಅಂತ ಲೆಕ್ಕ ಹಾಕಿದ್ದಾರೆ, ಅರವತ್ತರಲ್ಲಿ ಒಂದು ಪಾಲಿಗಿಂತ ಕಮ್ಮಿ ಆಗಂಗಿಲ್ಲ ಅಂತೆ. ನಂಗೆ ತಟ್ಟಿದ್ದು ಅದೇ ಲೆಕ್ಕ. ಚಿಕ್ಕೋಳಿದ್ದಾಗ ಕಣದಲ್ಲಿ ಭತ್ತ ತೂರಿ ರಾಶಿ ಹಾಕಿದ್ಮೇಲೆ ಮನೆಗೆ ಒಂದು ಕಾಳು ಹೋಗೋ ಮುಂಚೆ ಕಮ್ಮಾರಂಗೆ, ಬಡಗಿಗೆ, ಕ್ಷೌರದೋರಿಗೆ ಆಯ ಅಳೆದು ಕೊಡೋದನ್ನ ಅಜ್ಜನ ಪಕ್ಕ ನಿಂತು ನೋಡಿದ್ದೋಳು ನಾನು. ಭೂಮಿ ಮೇಲೆ ಪ್ರೀತಿ ಇದೆ ಅಂತ ಎಲ್ಲರೂ ಹೇಳ್ತಾರೆ, ಪ್ರಕೃತಿ ಮಾತೆ ಅಂತ ಹಾಡ್ತಾರೆ, ಆದ್ರೆ ಯಾರ ಪಾಲು ಎಷ್ಟು, ಯಾವಾಗ ತಿನ್ಬಹುದು, ಯಾವಾಗ ಕೈ ಹಿಂದೆ ತಗೋಬೇಕು ಅಂತ ಹೀಗೆ ಬರ್ದಿಟ್ಟೋರು ಯಾರಪ್ಪ ಇವ್ರು ಅನ್ನಿಸ್ತು.

ಹೊರಗಿನೋರಿಗೆ ಯಹೂದಿ ಧರ್ಮ ಅಂದ್ರೆ ಪುಸ್ತಕ, ಕಪ್ಪು ಕೋಟು, ಜೆರುಸಲೇಂ ಗೋಡೆ ಅಷ್ಟೇ. ಅದ್ರೊಳಗೆ ಈ ಮಣ್ಣಿನ ದಾರಿ ಅಮೆರಿಕದಲ್ಲಿ ಈಚೆಗೆ ಗಟ್ಟಿಯಾಗಿದ್ದು. ಜ್ಯೂಯಿಷ್ ರಿನ್ಯೂವಲ್ ಅನ್ನೋ ಪಂಥ ಕಟ್ಟಿದ ರಬ್ಬಿ (ಅಂದ್ರೆ ಯಹೂದಿ ಧರ್ಮಗುರು) ಝಲ್ಮನ್ ಶಾಖ್ಟರ್-ಶಲೋಮಿ ಅವ್ರು ಇಕೋ-ಕೋಷರ್ ಅಂತ ಒಂದು ಮಾತು ಹುಟ್ಟಿಸಿದ್ರು, ಅಂದ್ರೆ ಊಟ ಮಡಿಯಾಗಿದ್ಯಾ ಅಂತ ಕೇಳೋ ಹಾಗೇ ಅದನ್ನ ಬೆಳೆಯೋಕೆ ಮಣ್ಣಿಗೆ ವಿಷ ಹಾಕಿದ್ರಾ ಅಂತಲೂ ಕೇಳ್ಬೇಕು ಅಂತ. 2007ರಲ್ಲಿ ಶುರುವಾದ ವೈಲ್ಡರ್ನೆಸ್ ತೋರಾ ಅನ್ನೋರು ಪಾಸೋವರನ್ನ ಮರುಭೂಮಿಗೆ ತಗೊಂಡು ಹೋಗಿ ಮಾಡಿದ್ದಾರೆ. ಹೆಂಗಸ್ರನ್ನ ಪುರೋಹಿತೆಯರಾಗಿ ತಯಾರು ಮಾಡೋ ಕೊಹೆನೆತ್ ಅಂತ ಒಂದು ಸಂಸ್ಥೆನೂ ಇತ್ತು, 2006ರಿಂದ 2023ರ ತನಕ ನಡೆದು ನಿಂತೋಯ್ತು. ಇವೆಲ್ಲಾ ಒಂದೇ ಥರ ಅಲ್ಲ, ಒಬ್ರಿಗೊಬ್ರು ಒಪ್ಪಲ್ಲ, ನಾನು ಕಲಿತಿದ್ದು ರಿನ್ಯೂವಲ್ ಕಡೆಯ ಒಬ್ಬ ರಬ್ಬಿ ಹತ್ರ, ಅವ್ರೂ ಹೆಂಗಸೇ, ಸ್ವಲ್ಪ ಕಟ್ಟುನಿಟ್ಟು. ನಾನು ಮೊದಲ್ನೇ ಸಲ ಹೋಗಿ ಕೇಳಿದಾಗ ಪುಸ್ತಕದ ಲಿಸ್ಟ್ ಏನೂ ಕೊಡ್ಲಿಲ್ಲ, "ಒಂದು ವರ್ಷ ಪೂರ್ತಿ ನಮ್ಮ ಪಂಚಾಂಗದಲ್ಲಿ ಬದುಕು, ಆಮೇಲೆ ಬಾ ಮಾತಾಡೋಣ" ಅಂದ್ರು.

ಪಂಚಾಂಗ! ಇದನ್ನ ಸ್ವಲ್ಪ ಬಿಡಿಸಿ ಹೇಳ್ಲೇಬೇಕು, ಯಾಕಂದ್ರೆ ಇಲ್ಲಿ ನಂಗೆ ಒಂದು ದಿನವೂ ಹೊಸದು ಅನ್ನಿಸ್ಲಿಲ್ಲ, ಕ್ಲಾಸಲ್ಲಿದ್ದ ಅಮೆರಿಕನ್ ಹುಡುಗ್ರು ತಲೆ ಕೆರ್ಕೋತಿದ್ರು. ಅವ್ರದ್ದೂ ಚಂದ್ರನ ತಿಂಗಳು, ಅಮಾವಾಸ್ಯೆ ಕಳೆದು ಎಳೆ ಚಂದ್ರ ಕಂಡ್ರೆ ತಿಂಗಳು ಶುರು, ನಮ್ಮ ಕರ್ನಾಟಕದ ಲೆಕ್ಕದ ಥರನೇ. ತಿಂಗಳ ಹದಿನೈದು ಅಂದ್ರೆ ಹುಣ್ಣಿಮೆ, ಪಾಸೋವರ್ ಥರದ ಕೆಲವು ದೊಡ್ಡ ಹಬ್ಬ ಹುಣ್ಣಿಮೆಗೇ. ಚಂದ್ರನ ವರ್ಷ ಸೂರ್ಯನ ವರ್ಷಕ್ಕಿಂತ ಹನ್ನೊಂದು ದಿನ ಕಮ್ಮಿ ಬೀಳತ್ತಲ್ಲ, ಹಾಗೇ ಬಿಟ್ರೆ ಪಾಸೋವರ್ ಬಾರ್ಲಿ ಬಲಿಯೋ ಕಾಲ ಬಿಟ್ಟು ಹಿಂದಕ್ಕೆ ಜಾರ್ತಾ ಹೋಗತ್ತೆ, ಅದಕ್ಕೆ 19 ವರ್ಷದಲ್ಲಿ 7 ಸಲ ಒಂದು ಅಧಿಕ ಮಾಸ. ನಮ್ಮಲ್ಲಿ 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು, ಅವ್ರಲ್ಲಿ ಅದಾದ ಕೆಲವೇ ತಿಂಗಳಿಗೆ, 2024ರ ಫೆಬ್ರವರಿ-ಮಾರ್ಚಲ್ಲಿ, ಅದಾರ್ ತಿಂಗಳು ಎರಡು ಸಲ ಬಂತು. ಅದಾದ್ಮೇಲೆ ಎರಡೂ ಪಂಚಾಂಗ ಒಂದರ ಪಕ್ಕ ಒಂದು ಕೂತ್ವು ನೋಡಿ, 2024ರ ಏಪ್ರಿಲ್ 9 ನಮ್ಗೆ ಯುಗಾದಿ, ಅವತ್ತೇ ಅವರ ನಿಸಾನ್ ತಿಂಗಳ ಪಾಡ್ಯ, ತೋರಾದ (ಅವರ ಮೂಲ ಧರ್ಮಗ್ರಂಥ) ಪ್ರಕಾರ ತಿಂಗಳುಗಳಲ್ಲಿ ಮೊದಲ್ನೇದು. ಬೆಳಿಗ್ಗೆ ಬೇವು ಬೆಲ್ಲ ತಿಂದು ಸಂಜೆ ಹೆಂಗಸ್ರ ರೋಶ್ ಖೋದೆಶ್ (ತಿಂಗಳ ಮೊದಲ ದಿನ) ಗುಂಪಿಗೆ ಹೋದೆ, ಅಲ್ಲಿ ಯಾರೋ ಪಾಸೋವರಿಗೆ ಕಹಿ ಸೊಪ್ಪು ಯಾವ್ದು ತರ್ಬೇಕು ಅಂತ ಚರ್ಚೆ ಮಾಡ್ತಿದ್ರು, ನಂಗೆ ನಗು ತಡಿಯೋಕಾಗ್ಲಿಲ್ಲ.

ನಾನು ವರ್ಷ ಶುರು ಮಾಡಿದ್ದು ಅದಕ್ಕೂ ಮುಂಚೆ, ತು ಬಿಶ್ವಾತ್ ದಿನ. ಮರಗಳ ಹೊಸ ವರ್ಷ ಅಂತ ಕರೀತಾರೆ. ಮೂಲದಲ್ಲಿ ಇದು ಹಬ್ಬವೇ ಅಲ್ಲ, ಮರದ ಹಣ್ಣಿನ ತೆರಿಗೆ ಲೆಕ್ಕ ಹಾಕೋಕೆ ಒಂದು ಕಟ್-ಆಫ್ ಡೇಟ್, ಇವತ್ತಿಗಿಂತ ಮುಂಚೆ ಬಿಟ್ಟ ಹಣ್ಣು ಹೋದ ವರ್ಷದ ಖಾತೆಗೆ, ಆಮೇಲಿಂದು ಈ ವರ್ಷದ ಖಾತೆಗೆ. ಆಮೇಲೆ ಕಬ್ಬಾಲಾದವ್ರು (ಯಹೂದಿ ಅನುಭಾವಿಗಳು) ಅದಕ್ಕೊಂದು ಊಟದ ವಿಧಿ ಸೇರಿಸಿದ್ರು, ಬಿಳಿ ವೈನಿಂದ ಶುರು ಮಾಡಿ ಸ್ವಲ್ಪ ಸ್ವಲ್ಪ ಕೆಂಪು ಬೆರೆಸ್ತಾ ನಾಲ್ಕು ಲೋಟ, ಜೊತೆಗೆ ಹಣ್ಣುಗಳು ಮೂರು ವರ್ಗದಲ್ಲಿ. ಹೊರಗೆ ಸಿಪ್ಪೆ ಗಟ್ಟಿ ಇರೋದು (ದಾಳಿಂಬೆ, ಬಾದಾಮಿ), ಒಳಗೆ ಬೀಜ ಗಟ್ಟಿ ಇರೋದು (ಖರ್ಜೂರ, ಆಲಿವ್), ಪೂರ್ತಿ ತಿನ್ನೋದು (ಅಂಜೂರ, ದ್ರಾಕ್ಷಿ). ಒಂದೊಂದು ಲೋಟವೂ ಒಂದೊಂದು ಲೋಕ ಅಂತೆ, ನಾಲ್ಕನೇ ಲೋಕಕ್ಕೆ ಹಣ್ಣೇ ಇಲ್ಲ, ಬರೀ ವಾಸನೆ ನೋಡೋದು. 2024ರಲ್ಲಿ ಅದು ಬಿದ್ದಿದ್ದು ಜನವರಿ 25ಕ್ಕೆ, ಅಂದ್ರೆ ನಮ್ಮ ಬನದ ಹುಣ್ಣಿಮೆ, ಬಾದಾಮಿ ಬನಶಂಕರಿಗೆ ನೂರೆಂಟು ಪಲ್ಯದ ನೈವೇದ್ಯ ಮಾಡೋ ಹಬ್ಬದ ಆಸುಪಾಸು. ನಮ್ಮ ಕೊಂಕಣದ ಬೆನೆ ಇಸ್ರೇಲ್ ಯಹೂದಿಗಳು ತು ಬಿಶ್ವಾತಿಗೆ ಮಲೀದಾ ಮಾಡ್ತಾರೆ ಅಂತ ಗೊತ್ತಾಯ್ತು, ಪ್ರವಾದಿ ಎಲಿಯನ ಹೆಸರಲ್ಲಿ, ಏನಪ್ಪಾ ಅಂತ ನೋಡಿದ್ರೆ ಸಿಹಿ ಅವಲಕ್ಕಿ! ಕಾಯಿತುರಿ, ಸಕ್ಕರೆ, ಏಲಕ್ಕಿ, ಸುತ್ತ ಹಣ್ಣು. ಅವತ್ತಿಂದ ನಮ್ಮ ಗುಂಪಲ್ಲಿ ಪ್ರತಿ ವರ್ಷ ನನ್ನ ಪಾಲಿನ ಐಟಂ ಅದೇ.

ಹಣ್ಣಿಗೊಂದು ಮಂತ್ರ ಇದೆ, ಮರದ ಹಣ್ಣಾದ್ರೆ "ಬೋರೇ ಪ್ರೀ ಹಾಎತ್ಸ್", ನೆಲದಲ್ಲಿ ಬೆಳೆದಿದ್ದಾದ್ರೆ "ಬೋರೇ ಪ್ರೀ ಹಾಅದಾಮಾ". ನಾನು ಬಾಳೆಹಣ್ಣು ಹಿಡ್ಕೊಂಡು ಮರದ್ದು ಶುರು ಮಾಡಿದೆ, ರಬ್ಬಿ ಕೈ ಎತ್ತಿ ನಿಲ್ಸಿದ್ರು. ಬಾಳೆ ಮರ ಅಲ್ವಂತೆ, ಕಾಂಡ ಗೊನೆ ಬಿಟ್ಟು ಸತ್ತೋಗತ್ತೆ ಮುಂದಿನ ವರ್ಷ ಅದೇ ಕಾಂಡದಿಂದ ಹಣ್ಣು ಬರಲ್ಲ, ಹಾಗಾಗಿ ನೆಲದ ಲೆಕ್ಕಕ್ಕೆ. ಬಾಳೆ ಬುಡದಲ್ಲೇ ಬೆಳೆದ ನಂಗೆ ಬರ್ಕ್ಲಿಯಲ್ಲಿ ಒಬ್ರು ಬಂದು ಬಾಳೆ ಮರ ಅಲ್ಲ ಕಣೇ ಅಂತ ಹೇಳ್ಬೇಕಾಯ್ತು, ಅದೂ ಸರಿಯಾಗೇ ಹೇಳಿದ್ರು. ಗುಡುಗಿಗೆ ಒಂದು, ಮಿಂಚಿಗೆ ಒಂದು, ಕಾಮನಬಿಲ್ಲಿಗೆ ಒಂದು, ಪರಿಮಳದ ಮರಕ್ಕೆ ಬೇರೆ, ಪರಿಮಳದ ಗಿಡಕ್ಕೆ ಬೇರೆ ಮಂತ್ರ, ವರ್ಷದಲ್ಲಿ ಮೊದಲ್ನೇ ಸಲ ತಿನ್ನೋ ಹಣ್ಣಿಗೆ ಇನ್ನೊಂದು. ಹೇಳೋಕೆ ಸಲೀಸು, ಆದ್ರೆ ಇದನ್ನ ದಿನಾ ಮಾಡಿ ನೋಡಿ, ಟೀವಿ ನೋಡ್ತಾ ಅರ್ಧ ಪ್ಯಾಕೆಟ್ ತಿನ್ನೋದು ತನ್ನಿಂತಾನೇ ಕಮ್ಮಿ ಆಗತ್ತೆ.

ಮಾರ್ಚ್-ಏಪ್ರಿಲಲ್ಲಿ ನಿಸಾನ್ ತಿಂಗಳಲ್ಲಿ ಹೂ ಬಿಟ್ಟ ಹಣ್ಣಿನ ಮರ ನೋಡಿ ವರ್ಷಕ್ಕೊಂದ್ಸಲ ಹೇಳೋ ಮಂತ್ರ ಬೇರೆ ಇದೆ, ಕನಿಷ್ಠ ಎರಡು ಮರ ಒಟ್ಟಿಗಿದ್ರೆ ಒಳ್ಳೇದು. ಇಸ್ರೇಲಲ್ಲಿ ಎಲ್ಲಕ್ಕಿಂತ ಮೊದಲು ಹೂ ಬಿಡೋದು ಬಾದಾಮಿ, ನಮ್ಮ ಕ್ಯಾಲಿಫೋರ್ನಿಯಾದಲ್ಲೂ ಹಾಗೇ, ಫೆಬ್ರವರಿಯಲ್ಲಿ ಮಾಡೆಸ್ಟೋ ಕಡೆ ಕಾರಲ್ಲಿ ಹೋದ್ರೆ ಎರಡೂ ಬದಿ ಕಣ್ಣು ಹಾಯೋವರೆಗೂ ಬಿಳಿ. ನಾವೂ ಹೋಗಿದ್ವಿ. ಪ್ರಪಂಚದ ಬಾದಾಮಿಯಲ್ಲಿ ಸುಮಾರು ಶೇಕಡಾ 80 ಇಲ್ಲಿಂದನೇ ಹೋಗೋದು, ಅದಕ್ಕಾಗಿ ದೇಶದ ಮೂಲೆ ಮೂಲೆಯಿಂದ ಲಾರಿಯಲ್ಲಿ ಜೇನುಪೆಟ್ಟಿಗೆ ತಂದಿಳಿಸ್ತಾರೆ. ಮರದ ಬುಡದಲ್ಲಿ ಒಂದು ಹುಲ್ಲುಕಡ್ಡಿ ಇಲ್ಲ, ನೆಲ ಸಿಮೆಂಟ್ ಹಾಕಿದಂಗೆ. ಜೊತೆಗಿದ್ದ ಒಬ್ರು ಕಣ್ಮುಚ್ಚಿ ಹಾಡೋಕೆ ಶುರು ಮಾಡಿದ್ರು, ನಂಗೆ ಯಾಕೋ ಬಾಯಿ ಬರ್ಲಿಲ್ಲ. ನಿಸಾನ್ ಬಂದಾಗ ನಮ್ಮ ಬೀದಿಯ ಪ್ಲಮ್ ಮತ್ತೆ ಪಕ್ಕದ ಮನೆಯ ಸೇಬಿನ ಗಿಡದ ಹತ್ರ ನಿಂತು ಹೇಳಿದೆ, ಪಕ್ಕದ ಮನೆಯವ್ರು ಕಿಟಕಿಯಿಂದ ನೋಡ್ತಿದ್ರು ಪರವಾಗಿಲ್ಲ.

ಇನ್ನು ಓಮೆರ್. ಇಡೀ ವರ್ಷದಲ್ಲಿ ನನ್ನ ಮನಸ್ಸಿಗೆ ಹತ್ತಿರ ಆಗಿದ್ದು ಇದೇ. ಪಾಸೋವರ್‌ನ ಎರಡನೇ ರಾತ್ರಿಯಿಂದ ಶವೂವೋತ್ ಹಬ್ಬದ ತನಕ 49 ರಾತ್ರಿ ದಿನ ಎಣಿಸ್ಬೇಕು. ಹಿಂದೆ ಜೆರುಸಲೇಮಲ್ಲಿ ದೇವಸ್ಥಾನ ಇದ್ದಾಗ ಹೊಸ ಬಾರ್ಲಿ ಒಂದು ಅಳತೆ ಅರ್ಪಿಸಿ ಶುರು ಮಾಡಿ ಗೋಧಿ ಕೊಯ್ಲಿಗೆ ಮುಗಿಸ್ತಿದ್ರು, ಅಂದ್ರೆ ಬಾರ್ಲಿಯಿಂದ ಗೋಧಿಗೆ ಹೋಗೋ ಆ ಏಳು ವಾರ ರೈತಂಗೆ ಎದೆ ಡವಡವ ಅನ್ನೋ ಟೈಮು, ಒಂದು ಬಿಸಿಗಾಳಿ ಬಂದ್ರೆ ಮುಗೀತು. ಈಗ ದೇವಸ್ಥಾನನೂ ಇಲ್ಲ ಅರ್ಪಣೆನೂ ಇಲ್ಲ, ಎಣಿಕೆ ಮಾತ್ರ ಉಳಿದಿದೆ. ಕತ್ತಲಾದ್ಮೇಲೆ ನಿಂತ್ಕೊಂಡು ಮಂತ್ರ ಹೇಳಿ, ಇವತ್ತು ಹದಿನೇಳು ದಿನ, ಅಂದ್ರೆ ಎರಡು ವಾರ ಮೂರು ದಿನ, ಹೀಗೆ ದಿನನೂ ವಾರನೂ ಸೇರಿಸಿ ಹೇಳೋದು. ಒಂದು ರಾತ್ರಿ, ಮಾರನೇ ಹಗಲು ಪೂರ್ತಿ ಮರೆತ್ರೆ ಆಮೇಲೆ ಮಂತ್ರ ಇಲ್ದೆ ಬರೀ ಎಣಿಸ್ಬೇಕು. ಗಂಡನೂ ನನ್ನ ಜೊತೆ ಶುರು ಮಾಡಿದ್ದ, ಮೂರನೇ ವಾರಕ್ಕೇ ಔಟ್. ಸೋತ ಸಿಟ್ಟಿಗೆ ದಿನಾ ಸಂಜೆ ಬೇಕಂತಲೇ "ಇವತ್ತು ಎಷ್ಟನೇದು" ಅಂತ ಕೇಳೋನು, ಯಾಕಂದ್ರೆ ಮಂತ್ರಕ್ಕೆ ಮುಂಚೆ ಬಾಯಲ್ಲಿ ನಂಬರ್ ಬಂದ್ರೆ ಅದೇ ಎಣಿಕೆ ಆಗ್ಬಿಡತ್ತೆ, ಅದಕ್ಕೂ ಅವ್ರ ಹಿರಿಯರು ಉಪಾಯ ಇಟ್ಟಿದ್ದಾರೆ, "ನಿನ್ನೆ ಹದಿನಾರು" ಅಂತ ಉತ್ತರ ಕೊಡೋದು.

ನವೆಂಬರಲ್ಲಿ ದೊಡ್ಡ ಕುಂಡದಲ್ಲಿ ಬಾರ್ಲಿ ಹಾಕಿದ್ದೆ, ಸುಮ್ನೆ ನೋಡೋಣ ಅಂತ. ಎಣಿಸಿದ್ಮೇಲೆ ದಿನಾ ಫೋನಿನ ಟಾರ್ಚ್ ಹಿಡ್ಕೊಂಡು ಬಾಲ್ಕನಿಗೆ ಹೋಗಿ ಒಂದು ತೆನೆ ಮುಟ್ಟಿ ನೋಡೋದು ಅಭ್ಯಾಸ ಆಯ್ತು. ಮೊದಲ ವಾರ ಮೀಸೆ ಇನ್ನೂ ಹಸಿರು, ಮೆತ್ತಗೆ, ಕಾಳು ಹಿಚುಕಿದ್ರೆ ಬೆರಳಿಗೆ ಹಾಲು. ಆಮೇಲೆ ಅದೇ ಕಾಳು ಹಿಟ್ಟಿನ ಥರ ಆಯ್ತು, ಉಗುರು ಒತ್ತಿದ್ರೆ ಗುರುತು ಉಳಿಯೋದು. ಮೀಸೆ ಬುಡದಿಂದ ಹಳದಿ ತಿರುಗಿ ಕೈಗೆ ಚುಚ್ಚೋಕೆ ಶುರುವಾಯ್ತು, ತೆನೆ ಬಾಗಿ ಕುತ್ತಿಗೆ ಮುರಿದಂಗೆ ಜೋತುಬಿತ್ತು, ಒಂದಿನ ಹಲ್ಲಲ್ಲಿ ಕಚ್ಚಿದ್ರೆ ಕಟಕ್ ಅಂತು. ಕಬ್ಬಾಲಾದವ್ರು ಈ ಒಂದೊಂದು ವಾರಕ್ಕೂ ಒಂದು ಗುಣ ಹೇಳ್ತಾರೆ, ಖೆಸೆದ್ ಅಂದ್ರೆ ಕರುಣೆ, ಗೆವುರಾ ಅಂದ್ರೆ ಅಂಕೆ, ಹೀಗೆ ಏಳು, ಒಂದರೊಳಗೊಂದು ಸೇರಿಸಿದ್ರೆ 49. ಗುಂಪಲ್ಲಿ ಎಲ್ಲರೂ ಅದರ ಬಗ್ಗೆ ಡೈರಿ ಬರೀತಿದ್ರು, ನನ್ನ ಡೈರಿ ತುಂಬಾ ಬಾರ್ಲಿನೇ.

ಆದ್ರೆ ಇಲ್ಲೇ ಒಂದು ಪ್ರಶ್ನೆ ಕೊರೆಯೋಕೆ ಶುರುವಾಗಿತ್ತು. ಮಣ್ಣಿನ ದಾರಿ ಅಂತೀವಿ ಸರಿ, ಯಾವ ಊರಿನ ಮಣ್ಣು? ಈ ಪಂಚಾಂಗದ ಮಳೆ ಇಸ್ರೇಲಿನ ಮಳೆ. ಸೆಪ್ಟೆಂಬರ್-ಅಕ್ಟೋಬರಲ್ಲಿ ಬರೋ ಸುಕ್ಕೋತ್ ಹಬ್ಬದ ಕೊನೆಗೆ ಮಳೆ ಪ್ರಾರ್ಥನೆ, ಪಾಸೋವರಿಗೆ ಮಳೆ ಬಿಟ್ಟು ಇಬ್ಬನಿ ಪ್ರಾರ್ಥನೆ, ಯಾಕಂದ್ರೆ ಅಲ್ಲಿ ಬೇಸಿಗೇಲಿ ಮಳೆನೇ ಬರಲ್ಲ. ಕ್ಯಾಲಿಫೋರ್ನಿಯಾದಲ್ಲೂ ಚಳಿಗಾಲದ್ದೇ ಮಳೆ, ಹಾಗಾಗಿ ಇಲ್ಲಿ ಈ ಪಂಚಾಂಗ ಅಳತೆ ತಗೊಂಡು ಹೊಲಿಸಿದ ರವಿಕೆ ಥರ ಕೂರತ್ತೆ. ನಮ್ಮ ಸಾಗರದಲ್ಲಿ? ಇವ್ರು ಮಳೆ ಬೇಡ ಅಂತ ಇಬ್ಬನಿ ಕೇಳೋ ಹೊತ್ತಲ್ಲಿ ನಮ್ಮಪ್ಪ ಮುಂಗಾರಿಗೆ ಆಕಾಶ ನೋಡೋಕೆ ಶುರು ಮಾಡಿರ್ತಾರೆ. ಇವ್ರು ಮಳೆ ಕೊಡು ಅನ್ನೋ ಹೊತ್ತಿಗೆ ಅಲ್ಲಿ ಅಡಿಕೆಗೆ ಕೊಳೆ ಬಂದು ಸಾಕಪ್ಪಾ ಮಳೆ ಅಂತಿರ್ತಾರೆ. ಇಲ್ಲಿ ಕೂತು ನಾನು ಯಾವ ಊರಿಗೆ ಮಳೆ ಕೇಳ್ಲಿ? ರಬ್ಬಿ ಹತ್ರ ಕೇಳಿದೆ. ಅವ್ರು ತಾಲ್ಮುದಿನ (ಹಳೇ ಪಂಡಿತರ ಚರ್ಚೆಗಳ ಗ್ರಂಥ) ಒಂದು ವಿಷಯ ಹೇಳಿದ್ರು, ಸುಕ್ಕೋತ್ ಮುಗಿದ ತಕ್ಷಣ ಇಸ್ರೇಲಲ್ಲೂ ಮಳೆ ಕೊಡು ಅಂತ ಬಾಯ್ಬಿಟ್ಟು ಕೇಳಂಗಿಲ್ಲ, ಹದಿನೈದು ದಿನ ಕಾಯ್ಬೇಕು, ಯಾಕಂದ್ರೆ ಜೆರುಸಲೇಮಿಗೆ ಯಾತ್ರೆ ಬಂದಿದ್ದ ಕಟ್ಟಕಡೆಯವನು ನಡ್ಕೊಂಡು ಯೂಫ್ರೆಟಿಸ್ ನದಿ ಮುಟ್ಟೋ ತನಕ ದಾರಿ ಒಣಗಿರ್ಬೇಕು. ಹೊರದೇಶದಲ್ಲಿರೋರು ಅದಕ್ಕೂ ತಡ, ಡಿಸೆಂಬರ್ ಮೊದಲ ವಾರದಿಂದ, ಅದು ಬ್ಯಾಬಿಲೋನಿನ ಹೊಲದ ಲೆಕ್ಕ. ಅಂದ್ರೆ ಈ ಜಗಳ ಹೊಸದಲ್ಲ, ಎರಡು ಸಾವಿರ ವರ್ಷದಿಂದ ಇವ್ರು ಬೇರೆ ಊರಲ್ಲಿ ಕೂತು ಬೇರೆ ಊರಿನ ಮಳೆ ಕೇಳ್ತಾನೇ ಇದ್ದಾರೆ. ನನ್ನ ಪ್ರಶ್ನೆಗೆ ಉತ್ತರ ಸಿಕ್ತು ಅಂತ ಹೇಳಲ್ಲ, ಜೊತೆಗೆ ಇಷ್ಟು ಜನ ಇದ್ದಾರಲ್ಲ ಅಂತಾಯ್ತು. ಇನ್ನು ನಾವು ಕೂತಿರೋ ಬರ್ಕ್ಲಿ-ಓಕ್ಲೆಂಡ್ ನೆಲವೇ ಓಲೋನಿ ಅನ್ನೋ ಮೂಲನಿವಾಸಿ ಜನರದ್ದು, ಅವರನ್ನ ಒಕ್ಕಲೆಬ್ಬಿಸಿ ಕಟ್ಟಿದ ಊರು. ಶೂಮಿ ಅಂತ ಒಂದು ಸ್ವಂತ ಇಚ್ಛೆಯ ಭೂಕಂದಾಯ ಇದೆ, ಮೂಲನಿವಾಸಿ ಹೆಂಗಸ್ರು ನಡೆಸೋ ಟ್ರಸ್ಟಿಗೆ ಹೋಗತ್ತೆ, ಪೇಆ ಬಗ್ಗೆ ಅಷ್ಟು ಭಾಷಣ ಕೇಳಿದ್ಮೇಲೆ ಅದನ್ನ ಕಟ್ದೆ ಇರೋಕೆ ಮನಸ್ಸು ಬರ್ಲಿಲ್ಲ.

ಸುಕ್ಕೋತ್ ಅಂದ್ರೆ ಚಪ್ಪರದ ಹಬ್ಬ. ಕಟ್ಟೋದು ನಂಗೆ ಕೈ ತುದೀಲಿದ್ದ ಕೆಲಸ. ರೂಲ್ಸ್ ಮಾತ್ರ ಇವೆ, ಗೋಡೆ ಎರಡೂವರೆಯಾದ್ರೂ ಇರ್ಬೇಕು, ಮೇಲ್ಗಡೆ ಹೊದಿಕೆ ನೆಲದಲ್ಲಿ ಬೆಳೆದು ಕಡಿದಿದ್ದೇ ಆಗಿರ್ಬೇಕು, ಬಿಸಿಲಿಗಿಂತ ನೆರಳು ಜಾಸ್ತಿ ಬೀಳ್ಬೇಕು, ಆದ್ರೂ ಸಂದಿಯಲ್ಲಿ ನಕ್ಷತ್ರ ಕಂಡ್ರೆ ಒಳ್ಳೇದು, ಮರದ ಕೆಳಗೆ ಕಟ್ಟಂಗಿಲ್ಲ. ಪ್ಲಾಸ್ಟಿಕ್ ಟಾರ್ಪಲ್ ಮೇಲೆ ಹಾಕಂಗಿಲ್ಲ ಅಂದಾಗ ಗಂಡ ಪೆಚ್ಚಾದ. ನಾನು ಬಿದಿರು ಅಡ್ಡ ಇಟ್ಟು ಬೀದಿಯಲ್ಲಿ ಕಡಿದು ಹಾಕಿದ್ದ ಪಾಮ್ ಗರಿ ಎಳ್ಕೊಂಡು ಬಂದು ಹೊದೆಸಿದೆ. ಏಳು ದಿನ ಊಟ ಅಲ್ಲೇ. ಕೈಯಲ್ಲಿ ನಾಲ್ಕು ಜಾತಿ ಹಿಡ್ಕೊಂಡು ಆರು ದಿಕ್ಕಿಗೂ ಅಲ್ಲಾಡಿಸ್ಬೇಕು, ಬಿಚ್ಚದ ಖರ್ಜೂರದ ಸುಳಿಗರಿ, ಮರ್ಟಲ್ ಕಡ್ಡಿ ಮೂರು, ನೀರಂಜಿಯಂಥ ವಿಲೋ ಕಡ್ಡಿ ಎರಡು, ಎಡಗೈಯಲ್ಲಿ ಎತ್ರೋಗ್. ಎತ್ರೋಗ್ ಅಂದ್ರೆ ನಮ್ಮ ಮಾದಳದ ಹಣ್ಣೇ. ತುದಿಯ ಮೊಗ್ಗಿನಂಥ ಕಡ್ಡಿ ಮುರಿದಿರ್ಬಾರ್ದು, ಕಲೆ ಇರ್ಬಾರ್ದು, ಹತ್ತಿ ಸುತ್ತಿ ಡಬ್ಬಿಯಲ್ಲಿಟ್ಟು ಮಾರ್ತಾರೆ, ರೇಟು ಕೇಳಿದ್ರೆ ಅಮ್ಮ ಬೈತಾರೆ ಅಂತ ಇವತ್ತಿಗೂ ಹೇಳಿಲ್ಲ.

2024ರಲ್ಲಿ ಸುಕ್ಕೋತ್ ಶುರುವಾಗಿದ್ದು ಅಕ್ಟೋಬರ್ 16ರ ಸಂಜೆ. ಅದೇ ಹೊತ್ತಿಗೆ ಊರಲ್ಲಿ 17ರ ಬೆಳಿಗ್ಗೆ, ಭೂಮಿ ಹುಣ್ಣಿಮೆ. ಗೊತ್ತಿಲ್ದೋರಿಗೆ ಹೇಳ್ತೀನಿ, ಭತ್ತ ಹೊಡೆ ತುಂಬಿರತ್ತೆ, ಭೂಮಿ ಬಸುರಿ, ಅವಳಿಗೆ ಬಯಕೆ ಊಟ ಕೊಡೋ ಹಬ್ಬ. ವಾರ ಮುಂಚೆನೇ ಅಜ್ಜಿ ಬುಟ್ಟಿಗೆ ಸಗಣಿ ಸಾರಿಸಿ ಕೆಮ್ಮಣ್ಣು ಬಳಿದು ಅಕ್ಕಿ ಹಿಟ್ಟಲ್ಲಿ ಚಿತ್ತಾರ ಬರೀತಿದ್ರು, ಈಗ ಅಮ್ಮ ಬರೀತಾರೆ. ರಾತ್ರಿಯೆಲ್ಲಾ ಅಡಿಗೆ, ಬೆಳಕು ಹರಿಯೋ ಮುಂಚೆ ಗದ್ದೆಗೆ ಹೋಗಿ ಪೂಜೆ, ಕೂಗ್ತಾ ಚರಗ ಚೆಲ್ಲೋದು, ಆಮೇಲೆ ಗದ್ದೆ ಅಂಚಲ್ಲೇ ಎಲ್ಲರ ಊಟ. ಇಲ್ಲಿ ಸೂರ್ಯ ಮುಳುಗಿದ್ರೆ ಹಬ್ಬ ಹತ್ತತ್ತೆ ಫೋನ್ ಆಫ್ ಮಾಡ್ಬೇಕು, ಅಷ್ಟರೊಳಗೆ ವಿಡಿಯೋ ಕಾಲ್ ಮಾಡಿದೆ. ಅಮ್ಮ ಟಾರ್ಚ್ ಬೆಳಕಲ್ಲಿ ಬುಟ್ಟಿ ತೋರ್ಸಿದ್ರು, ನಾನು ಚಪ್ಪರ ತೋರ್ಸಿದೆ. "ಮೇಲೆ ಸೋಗೆ ಸರಿಯಾಗ್ ಹಾಕ್ಲಿಲ್ವಲ್ಲೇ, ಮಳೆ ಬಂದ್ರೆ?" ಅಂದ್ರು.

ಆ ಫೋನಿಟ್ಟ ಮೇಲೆ ಇಡೀ ವಾರ ತಲೇಲಿ ಒಂದೇ ಓಡ್ತಿತ್ತು. ಯಾಕಂದ್ರೆ ಧರ್ಮೋಪದೇಶಕಾಂಡದಲ್ಲಿ ಸ್ಪಷ್ಟವಾಗಿದೆ, ಯಜ್ಞವೇದಿ ಪಕ್ಕ ಅಶೇರಾ ದೇವತೆಯ ಮರ ನೆಡಬೇಡ. ಮರಕ್ಕೆ ಪೂಜೆ, ಭೂಮಿಗೆ ಪೂಜೆ, ಯಾವ್ದೂ ಇಲ್ಲ. ಅವರ ಮಂತ್ರ ಅಷ್ಟೂ ಗಮನಿಸಿ, ಒಂದೂ ಹಣ್ಣಿಗೆ ಹೇಳೋದಲ್ಲ, ಹಣ್ಣನ್ನ ಹುಟ್ಟಿಸಿದೋನಿಗೆ. ಗುಂಪಲ್ಲಿ ಕೆಲವ್ರು ಹಾಗಲ್ಲ, ಶೆಖೀನಾ ಅಂದ್ರೆ ದೇವರ ಹೆಣ್ಣು ರೂಪ, ಆಕೆ ಮಣ್ಣಲ್ಲೇ ಇದ್ದಾಳೆ ಅಂತ ನೆಲಕ್ಕೆ ಹಾಲು ಜೇನು ಹೊಯ್ದು ಡೋಲು ಬಡಿದು ಕುಣೀತಿದ್ರು, ಬಿಳಿ ಸೇಜ್ ಸುಟ್ಟು ಹೊಗೆ ಹಾಕೋರು (ಅದು ಇಲ್ಲಿನ ಮೂಲನಿವಾಸಿಗಳ ಆಚಾರ, ಅವ್ರೇ ಬೇಡ ಅಂತ ಹೇಳ್ತಿದ್ರೂ). ನಂಗೆ ಹೇಳ್ಬೇಕಂದ್ರೆ ರಬ್ಬಿಯ ಕಟ್ಟುನಿಟ್ಟಿಗಿಂತ ಇದೇ ಜಾಸ್ತಿ ಮುಜುಗರ. ನಮ್ಮಜ್ಜಿ ದುಡ್ಡಿಲ್ದೆ ಮಾಡ್ತಿದ್ದಿದ್ದನ್ನ ಇವ್ರು ಹೊಸದಾಗಿ ಕಂಡುಹಿಡಿದು ವೀಕೆಂಡ್ ವರ್ಕ್‌ಶಾಪ್ ಮಾಡಿ ಫೀಸ್ ಇಟ್ಟಿದ್ರು, ಅದೇ ಬೇಕಿದ್ರೆ ನಾನು ಸಾಗರದ ಬಸ್ಸು ಹತ್ತಲ್ವಾ? ನಾನು ಬಂದಿದ್ದು ಓಮೆರಿಗೆ, ಪೇಆಗೆ, ಏಳು ವರ್ಷಕ್ಕೊಮ್ಮೆ ಹೊಲ ಪಾಳು ಬಿಟ್ಟು ಬೇಲಿ ತೆಗೀಬೇಕು ಅನ್ನೋ ಶ್ಮಿತಾಗೆ.

ರಬ್ಬಿ ಸಿಹಿ ಮಾತಾಡ್ಲಿಲ್ಲ. "ನಿಮ್ಮಮ್ಮನ ಹಬ್ಬಕ್ಕೆ ಹೋಗು, ಬುಟ್ಟಿ ಹೊರು, ಊಟ ಮಾಡು. ಪೂಜೆ ನಿಮ್ಮಮ್ಮನದು. ಕೈ ಮುಗಿಯೋದೂ ಬೇಕು ಅಂದ್ರೆ ಗಿಯೂರ್ ಬೇಡ, ಹೀಗೇ ನಮ್ಮ ಜೊತೆ ಬಂದು ಕಳೆ ಕೀಳ್ತಿರು, ನಿನ್ನ ಯಾರೂ ಕಮ್ಮಿ ಅನ್ನಲ್ಲ" ಅಂದ್ರು. ಚಳಿಗಾಲ ಪೂರ್ತಿ ತಗೊಂಡೆ ಯೋಚನೆ ಮಾಡೋಕೆ. ನೋವಾಗ್ಲಿಲ್ಲ ಅಂತ ಬರೆದ್ರೆ ಸುಳ್ಳಾಗತ್ತೆ.

ಬೇತ್ ದೀನ್ ಅಂದ್ರೆ ಮೂವರು ಕೂತು ಪ್ರಶ್ನೆ ಕೇಳೋದು. 2025ರ ಮೇ ತಿಂಗಳಲ್ಲಿ, ಶವೂವೋತ್‌ಗೆ ಮುಂಚೆ ಅಂತ ಗೊತ್ತು ಮಾಡಿದ್ರು, ಆ ಹಬ್ಬಕ್ಕೆ ರೂತಳ ಕಥೆ ಓದ್ತಾರಲ್ಲ, ಬೇರೆ ದೇಶದ ಸೊಸೆ ಅತ್ತೆ ಹಿಂದೆ ಬಂದು ಬಾರ್ಲಿ ಹೊಲದಲ್ಲಿ ಉದುರಿದ ತೆನೆ ಆರಿಸಿದ ಕಥೆ. ಆಮೇಲೆ ಮಿಕ್ವೆ, ಮುಳುಗು ಹಾಕೋದು. ಮಳೆನೀರಿನ ಕೊಳ ಆಗ್ಬಹುದು, ಊಟೆ ಆಗ್ಬಹುದು, ಸಮುದ್ರನೂ ಆಗತ್ತೆ. ನಾನು ಸಮುದ್ರ ಅಂದೆ. ಮೈಗೂ ನೀರಿಗೂ ನಡುವೆ ಏನೂ ಇರ್ಬಾರ್ದು, ಉಗುರಿನ ಬಣ್ಣ, ಕಾಂಟ್ಯಾಕ್ಟ್ ಲೆನ್ಸ್, ಉಂಗುರ, ಜಡೆ, ಎಲ್ಲಾ ಬಿಚ್ಬೇಕು. ಕಾಲುಂಗುರ ಸೋಪ್ ಹಾಕಿ ತೆಗೆದೆ. ಮೂಗುಬೊಟ್ಟು ಬರ್ಲಿಲ್ಲ. ಏಳನೇ ಕ್ಲಾಸಲ್ಲಿ ಹಾಕಿಸಿದ್ದು, ತೆಗೆದಿದ್ದೇ ಇಲ್ಲ, ತಿರುಪು ಮೂಗಿನೊಳಗೆ ಕಲ್ಲಾಗಿ ಕೂತಿತ್ತು. ಹಿಂದಿನ ರಾತ್ರಿ ಬಾತ್ರೂಮ್ ಲೈಟ್ ಕೆಳಗೆ ಕೊಬ್ಬರಿ ಎಣ್ಣೆ ಬಿಟ್ಕೊಂಡು ಕೂತೆ, ಗಂಡ ಎಲೆಕ್ಟ್ರಾನಿಕ್ಸ್ ಟೂಲ್‌ಕಿಟ್ಟಿಂದ ಸಣ್ಣ ಇಕ್ಕಳ ತಂದ, ಅವನ ಕೈ ನಡುಗ್ತಿತ್ತು ನನ್ನ ಕಣ್ಣಲ್ಲಿ ಧಾರಾಕಾರ ನೀರು, ಎರಡು ಸೀನು ಬೇರೆ. ಕೊನೆಗೆ ಟಿಕ್ ಅಂತ ತಿರುಗ್ತು. ಸಿಂಕಿನ ಅಂಚಲ್ಲಿ ಅಷ್ಟು ಚಿಕ್ಕ ಕೆಂಪು ಕಲ್ಲು, ಕನ್ನಡಿಯಲ್ಲಿ ಬೇರೆ ಯಾರೋ.

ಟೊಮಾಲಿಸ್ ಬೇ ಅಂತ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರಕ್ಕಿದೆ, ಸಮುದ್ರದ ನೀರೇ ಆದ್ರೂ ಉದ್ದ ಕೊಲ್ಲಿ ಆಗಿರೋದ್ರಿಂದ ಅಲೆ ಕಮ್ಮಿ. ವಸಂತದಲ್ಲಿ ಈ ಕರಾವಳಿಯಲ್ಲಿ ಆಳದ ಥಂಡಿ ನೀರು ಮೇಲೆ ಬರತ್ತೆ, ಹಾಗಾಗಿ ಮೇ ತಿಂಗಳು ಬಿಸಿಲಿದ್ರೂ ಹೊರಗಿನ ಸಮುದ್ರ ಕೊರೆಯತ್ತೆ, ಕೊಲ್ಲಿ ಅದಕ್ಕಿಂತ ವಾಸಿ ಅಂದಿದ್ರು, ಏನ್ ವಾಸಿನೋ. ಬೆಳಿಗ್ಗೆ ಜನ ಬರೋ ಮುಂಚೆ ಹೋದ್ವಿ. ಮರಳಿನ ಮೇಲೆ ಕೂತ್ಕೊಂಡೇ ಮೂವರೂ ಪ್ರಶ್ನೆ ಕೇಳಿದ್ರು, ಭೂಮಿ ಹುಣ್ಣಿಮೆದೂ ಕೇಳಿದ್ರು, ಬುಟ್ಟಿ ಹೊರ್ತೀನಿ ಕೈ ಮುಗಿಯಲ್ಲ ಅಂದೆ. ಒಬ್ರು "ಅಮ್ಮನಿಗೆ ಹೇಳಿದ್ಯಾ" ಅಂದ್ರು. ಹೇಳಿದ್ದೆ. ಗಂಡಸ್ರು ಆ ಕಡೆ ತಿರುಗಿ ನಿಂತ್ರು, ಎದೆಮಟ್ಟ ನೀರಿಗೆ ಹೋಗಿ ಮೇಲಿನ ಅಂಗಿ ತೆಗೆದು ಗೆಳತಿ ಕೈಗೆ ಕೊಟ್ಟೆ. ಮೊದಲ ಮುಳುಗು ಮಂತ್ರ ಇಲ್ದೆ, ಯಾಕಂದ್ರೆ "ನಮಗೆ ಆಜ್ಞಾಪಿಸಿದ" ಅಂತ ಮಂತ್ರದಲ್ಲಿ ಬರತ್ತೆ, ಮುಳುಗೋ ಮುಂಚೆ ಆ "ನಮಗೆ"ಯಲ್ಲಿ ನಾನಿಲ್ಲ. ಮೇಲೆ ಬಂದು ಹಲ್ಲು ಕಟಕಟ ಅಂತಿರೋವಾಗ್ಲೇ ಹೇಳಿದೆ, ಇನ್ನೆರಡು ಸಲ ಮುಳುಗಿದೆ, ಕಾಲಿಗೆ ಏನೋ ಹುಲ್ಲು ಸುತ್ಕೊಂಡಿತ್ತು. ದಡಕ್ಕೆ ಬಂದ್ಮೇಲೆ ಅತ್ತೆ ಫ್ಲಾಸ್ಕಿಂದ ಚಹಾ ಕೊಟ್ರು, ಶುಂಠಿ ಹಾಕಿ ಮಾಡ್ಕೊಂಡು ಬಂದಿದ್ರು ಪಾಪ. ಇಸ್ರೇಲಿನ ಆರ್ಥೊಡಾಕ್ಸ್ ರಬ್ಬಿಗಳು ನನ್ನ ಗಿಯೂರ್ ಒಪ್ಪಲ್ಲ, ಅದು ಮೊದಲೇ ಗೊತ್ತಿದ್ದ ವಿಷಯ, ನಂಗೆ ಅಲ್ಲಿ ಕೆಲಸನೂ ಇಲ್ಲ. ಮೂಗುಬೊಟ್ಟು ಅವತ್ತು ಮಧ್ಯಾಹ್ನನೇ ಮತ್ತೆ ಹಾಕ್ಕೊಂಡೆ, ಈಗ ತಿಂಗಳಿಗೊಂದ್ಸಲ ತಿರುಪು ಸಡಿಲ ಮಾಡ್ತೀನಿ.

ಸದ್ಯಕ್ಕೆ ಬಾಲ್ಕನಿಯಲ್ಲಿ ಬಾರ್ಲಿ ಕುಂಡದ ಪಕ್ಕ ಎತ್ರೋಗ್ ಬೀಜದಿಂದ ಎದ್ದ ಸಸಿಗಳಿವೆ. ನರ್ಸರಿಯಲ್ಲಿ ಸಿಗೋ ಮಾದಳ ಬೇರೆ ಬೇರಿಗೆ ಕಸಿ ಕಟ್ಟಿರೋದು ಜಾಸ್ತಿ, ಕಸಿಯ ಹಣ್ಣು ಹಬ್ಬಕ್ಕೆ ನಡೆಯಲ್ಲ, ತನ್ನದೇ ಬೇರಿನ ಗಿಡದ್ದು ಆಗ್ಬೇಕು. ಅಮ್ಮ "ನಮ್ಮ ಹಿತ್ಲಲ್ಲೇ ಇದ್ಯಲ್ಲೇ, ಸೂಟ್‌ಕೇಸಲ್ಲಿ ಒಂದು ಗೂಟಿ ಹಾಕ್ಕೊಂಡು ಬರ್ತೀನಿ" ಅಂದ್ರು, ಕ್ಯಾಲಿಫೋರ್ನಿಯಾದೋರು ನಿಂಬೆ ಜಾತಿ ಗಿಡ ಒಳಗೆ ಬಿಡಲ್ಲ ಅಂತ ತಡೆದೆ. ಬೀಜದ ಗಿಡ ಕಾಯಿ ಬಿಡೋಕೆ ಹೇಗಿದ್ರೂ ವರ್ಷಗಟ್ಲೆ ಬೇಕು, ಬೇಗ ಬಿಟ್ರೂ ಮೊದಲ ಮೂರು ವರ್ಷದ ಹಣ್ಣು ತಿನ್ನಂಗಿಲ್ಲ, ಓರ್ಲಾ ಅಂತ, ಅದೂ ತೋರಾದ ಲೆಕ್ಕನೇ ಅಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ನಿದ್ದು, "ಅಡಿಕೆ ಸಸಿ ನೆಟ್ರೆ ನಾವೇನು ಮರುವರ್ಷನೇ ಕೊಯ್ತೀವಾ, ಬುಡಕ್ಕೆ ಗೊಬ್ಬರ ಹಾಕ್ತಾ ಇರು" ಅಂತ ಹೇಳಿ ಅಪ್ಪಂಗೆ ಫೋನ್ ಕೊಟ್ರು.